ಹನ್ನೊಂದನೆಯ ದಿನದ ಆಟ

“ಗುರುಗಳೇ, ಮೈದಾನದ ಹೆಸರನ್ನು ಮಾರಿದರೆ ತಪ್ಪೇನು?” ಎಂದು ಶಿಷ್ಯ ಕೇಳಿದ.

ಅವನು ತನ್ನ ಊರಿನ ಫುಟ್‌ಬಾಲ್ ಸಂಘದ ಕಾರ್ಯದರ್ಶಿ. ಒಂದು ದೊಡ್ಡ ಕಂಪನಿ ಅಲ್ಲಿನ ಮೈದಾನಕ್ಕೆ ತನ್ನ ಹೆಸರಿಡಲು ಮುಂದೆ ಬಂದಿತ್ತು. ಕರಾರು ಪತ್ರ ಅವನ ಜೇಬಿನಲ್ಲಿತ್ತು. ಮರುದಿನ ಸಹಿ ಆಗಬೇಕಿತ್ತು.

“ಮಣ್ಣು ನಮ್ಮದೇ ಇರುತ್ತದೆ, ಆಟವೂ ನಮ್ಮದೇ. ಹಲಗೆಯ ಮೇಲೆ ನಾಲ್ಕು ಅಕ್ಷರ ಬದಲಾಗುತ್ತವೆ, ಅಷ್ಟೆ. ಹುಲ್ಲಿಗೇನು ತನ್ನ ಹೆಸರು ಗೊತ್ತೇ?”

“ಚೆನ್ನಾಗಿ ಹೇಳಿದೆ. ಈ ಮಾತನ್ನು ಹಿಂದೆಯೂ ಒಮ್ಮೆ ಕೇಳಿದ್ದೇನೆ,” ಎಂದರು ಗುರುಗಳು. ಆಮೇಲೆ ಈ ಕತೆ ಹೇಳಿದರು.

ಒಂದು ಊರು. ಊರಿನ ಅಂಚಿನಲ್ಲಿ ಕಾಲುವೆ, ಕಾಲುವೆಯ ಪಕ್ಕದಲ್ಲಿ ಒಂದು ಬಯಲು. ಅದರ ಹೆಸರು ನಿಂಗಾಜಮ್ಮನ ಬಯಲು. ನಿಂಗಾಜಮ್ಮ ಎಂಬಾಕೆ ಅಲ್ಲಿ ಹುರುಳಿ ಬಿತ್ತುತ್ತಿದ್ದಳು. ಹುಡುಗರು ಚೆಂಡು ಒದೆಯುತ್ತ ಹುರುಳಿ ತುಳಿಯುತ್ತಿದ್ದರು. ಮೂರು ವರ್ಷ ಬೈದಳು. ನಾಲ್ಕನೆಯ ವರ್ಷ, “ಆಡ್ಕೊಂಡು ಸಾಯ್ರೋ,” ಎಂದು ಬಿತ್ತುವುದನ್ನೇ ಬಿಟ್ಟಳು. ಸಾಯುವ ಮೊದಲು ಆ ನೆಲವನ್ನು ಊರಿಗೆ ಬರೆದುಕೊಟ್ಟಳು.

ಆ ಬಯಲಿನಲ್ಲಿ ಒಬ್ಬ ಕೂಗುವವನಿದ್ದ. ಅವನ ಹೆಸರು ಮರಿಯಪ್ಪ. ಯಾರು ಗೋಲು ಹೊಡೆದರು, ಯಾರು ತಪ್ಪಿದರು ಎಂದು ತಗಡಿನ ತುತ್ತೂರಿ ಬಾಯಿಗಿಟ್ಟು ಕೂಗುವುದು ಅವನ ಕೆಲಸ. ತಪ್ಪಿದವರನ್ನು ಸುಮ್ಮನೆ ಬಿಡುತ್ತಿರಲಿಲ್ಲ. “ಒದ್ದಿದ್ದು ಗೋಲಿಗೆ, ಹೋಗಿದ್ದು ಕಾಲುವೆಗೆ. ಮಾವನ ಮನೆ ಆ ಕಡೆಯೇನಪ್ಪಾ?” ಎನ್ನುತ್ತಿದ್ದ. ಒದ್ದವನೂ ನಗುತ್ತಿದ್ದ.

ನಗಿಸದೆ ಕೂಗುವ ದಿನವೂ ಒಂದಿತ್ತು. ಆಟಗಾರನೊಬ್ಬ ಸತ್ತರೆ ಹನ್ನೊಂದನೆಯ ದಿನ ಅವನಿಗಾಗಿ ಅಲ್ಲಿ ಒಂದು ಆಟ ಆಡುವುದು ಊರಿನ ವಾಡಿಕೆ. ಸತ್ತವನ ಜಾಗ ಖಾಲಿ ಬಿಟ್ಟು ಹತ್ತೇ ಜನ ಇಳಿಯುತ್ತಿದ್ದರು. ಆಟಕ್ಕೆ ಮೊದಲು ಮರಿಯಪ್ಪ ನಡುಗೆರೆಯ ಮೇಲೆ ನಿಂತು ಮೂರು ಮಾತು ಕೂಗುತ್ತಿದ್ದ: ಯಾರ ಮಗ, ಯಾವ ಜಾಗದಲ್ಲಿ ಆಡುತ್ತಿದ್ದ, ಹೇಗೆ ಸತ್ತ. ಮೂರನೆಯದರಲ್ಲಿ ಸುಳ್ಳು ಸೇರಿಸುವಂತಿರಲಿಲ್ಲ. ಕುಡಿದು ಸತ್ತವನನ್ನು ಕುಡಿದು ಸತ್ತ ಎಂದೇ ಕೂಗಿದ್ದುಂಟು. ಬಯಲಿನಲ್ಲಿ ಕೂಗಿದ ಮೇಲೆ ಊರು ಅದನ್ನು ಒಪ್ಪುತ್ತಿತ್ತು. ಬೇರೆ ಪಿಸುಮಾತೆಲ್ಲ ಅಲ್ಲಿಗೆ ನಿಲ್ಲುತ್ತಿತ್ತು.

ಆ ಊರಿಗೆ ಒಬ್ಬ ವ್ಯಾಪಾರಿ ಬಂದ. ಬಣ್ಣದ ಕಾರ್ಖಾನೆ ಹಾಕಿದ. ಅವನ ಹೆಸರನ್ನು ನಾನು ಹೇಳುವುದಿಲ್ಲ. ಅದನ್ನು ಹೇಳಲು ಬೇಕಾದಷ್ಟು ಹಲಗೆಗಳಿವೆ. ಬಯಲಿನ ಸುತ್ತ ಕಲ್ಲಿನ ಮೆಟ್ಟಿಲು ಕಟ್ಟಿಸುತ್ತೇನೆ, ಗೋಲಿಗೆ ಬಲೆ ಹಾಕಿಸುತ್ತೇನೆ, ಕುಡಿಯುವ ನೀರಿಗೆ ನಲ್ಲಿ ತರಿಸುತ್ತೇನೆ, ಬಯಲಿಗೆ ನನ್ನ ಹೆಸರಿಡಿ ಎಂದ. ಇವೆಲ್ಲ ಊರಿಗೆ ಬೇಕಾಗಿದ್ದವೇ. ಬಲೆ ಇಲ್ಲದ ಕಾರಣ ಪ್ರತಿ ಗೋಲಿಗೂ ಒಂದು ಜಗಳ ಆಗುತ್ತಿತ್ತು.

ವ್ಯಾಪಾರಿ ಕಳಿಸಿದ ಕರಾರಿನ ಕಾಗದವನ್ನು ಊರಿನ ಒಬ್ಬ ಉಪಾಧ್ಯಾಯ ಎಲ್ಲರ ಮುಂದೆ ಓದಿದ. ಅವನು ಒಂದು ಅಕ್ಷರವನ್ನೂ ಹಾರಿಸುವವನಲ್ಲ. ಬಯಲಿನಲ್ಲಿ ಯಾವ ಕೂಗಾದರೂ ವ್ಯಾಪಾರಿಯ ಹೆಸರಿನಿಂದಲೇ ಶುರುವಾಗಬೇಕು ಎಂದು ಅದರಲ್ಲಿತ್ತು. ಆ ಹೆಸರಿಗೆ ಕುಂದು ತರುವ ಮಾತನ್ನು ಬಯಲಿನ ಒಳಗೆ ಯಾರೂ ಆಡಬಾರದು ಎಂದೂ ಇತ್ತು. ಅದನ್ನು ಕೇಳಿ ಜನ ನಕ್ಕರು. ಮೆಟ್ಟಿಲು ಕಟ್ಟಿಸಿದವನನ್ನು ಯಾರು ಬೈಯುತ್ತಾರೆ ಎಂದರು.

“ಹಂಗಾದ್ರೆ ನಿಂಗಾಜಮ್ಮ?” ಎಂದು ಮರಿಯಪ್ಪ ಒಬ್ಬನೇ ಕೇಳಿದ.

“ಹುಲ್ಲಿಗೆ ತನ್ನ ಹೆಸರು ಗೊತ್ತಿರುವುದಿಲ್ಲ, ಮರಿಯಪ್ಪ,” ಎಂದ ಉಪಾಧ್ಯಾಯ. ಊರಿನ ಹಿರಿಯರು ಸಹಿ ಹಾಕಿದರು.

ಎರಡು ವರ್ಷ ಎಲ್ಲವೂ ಚೆನ್ನಾಗಿತ್ತು. ಮೆಟ್ಟಿಲು ಗಟ್ಟಿಯಾಗಿತ್ತು. ನಲ್ಲಿಯಲ್ಲಿ ನೀರು ಬರುತ್ತಿತ್ತು.

ಊರಿನ ತಂಡದಲ್ಲಿ ಗೋಲು ಕಾಯುತ್ತಿದ್ದವನು ಕೆಂಪರಾಜು, ದೇವೀರಮ್ಮನ ಒಬ್ಬನೇ ಮಗ. ಅವನು ಆ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಒಂದು ದಿನ ಬಣ್ಣದ ತೊಟ್ಟಿ ತೊಳೆಯಲು ಒಬ್ಬ ಕೆಲಸಗಾರನನ್ನು ಇಳಿಸಿದರು. ಸೊಂಟಕ್ಕೆ ಹಗ್ಗ ಕಟ್ಟಲಿಲ್ಲ. ಮೂಗಿಗೆ ಒಂದು ಬಟ್ಟೆಯನ್ನೂ ಕೊಡಲಿಲ್ಲ. ತೊಟ್ಟಿಯ ತಳದಲ್ಲಿ ವಿಷದ ಗಾಳಿ ತುಂಬಿತ್ತು. ಇಳಿದವನು ಕುಸಿದ. ಅವನನ್ನು ಎತ್ತಲು ಕೆಂಪರಾಜು ಇಳಿದ. ಇಬ್ಬರನ್ನೂ ಹೆಣವಾಗಿ ಮೇಲೆ ತಂದರು.

ಸಂಜೆಯ ಹೊತ್ತಿಗೆ ಕಾರ್ಖಾನೆಯಿಂದ ಒಂದು ಮಾತು ಊರಿಗೆ ಬಂತು. ಇಬ್ಬರೂ ಕುಡಿದಿದ್ದರು, ಕಾಲು ಜಾರಿ ಬಿದ್ದರು. ಕೆಂಪರಾಜು ಕುಡಿಯುವವನಲ್ಲ ಎಂದು ಊರಿಗೆಲ್ಲ ಗೊತ್ತಿತ್ತು. ಆದರೂ ನಾಲ್ಕು ದಿನ ಕಳೆಯುವಷ್ಟರಲ್ಲಿ, “ಯಾರು ಕಂಡೋರು, ಅವತ್ತು ಕುಡಿದಿದ್ನೋ ಏನೋ,” ಎಂದು ಅಂಗಡಿಗಳ ಮುಂದೆ ಜನ ಆಡಿಕೊಳ್ಳತೊಡಗಿದರು.

ದೇವೀರಮ್ಮ ಯಾರ ಮಾತಿಗೂ ಎದುರು ಹೇಳಲಿಲ್ಲ. ಹನ್ನೊಂದನೆಯ ದಿನ ಹತ್ತಿರ ಬಂದಾಗ ಮರಿಯಪ್ಪನ ಮನೆಗೆ ಹೋದಳು.

“ಅಣ್ಣಾ, ನನಗೆ ಬೇರೇನೂ ಬ್ಯಾಡ. ಅವನು ಹೆಂಗೆ ಸತ್ತ ಅನ್ನೋದನ್ನ ಕೂಗಿಬಿಡು.”

“ಕೂಗ್ತೀನಿ ಕಣವ್ವ. ಆದ್ರೆ ಮೊದಲು ಆ ಹೆಸರು ಕೂಗ್ಬೇಕಲ್ಲ.”

“ಕೊಂದೋನ ಹೆಸರು ಹೇಳಿ ನನ್ನ ಮಗನ್ನ ನೆನೀತೀಯಾ?”

ಮರಿಯಪ್ಪ ಉಪಾಧ್ಯಾಯನ ಬಳಿಗೆ ಹೋದ. ಅದೊಂದು ದಿನ ಆ ಹೆಸರನ್ನು ಬಿಡಬಹುದೇ, ನಡೆದದ್ದನ್ನು ನಡೆದ ಹಾಗೆ ಕೂಗಬಹುದೇ ಎಂದು ಕೇಳಿದ. ಉಪಾಧ್ಯಾಯ ಕಾಗದ ತೆಗೆದು ಮೊದಲಿನಿಂದ ಕೊನೆಯವರೆಗೆ ಮತ್ತೊಮ್ಮೆ ಓದಿದ. “ಬಿಡುವ ಹಾಗಿಲ್ಲ. ಕೂಗುವ ಹಾಗೂ ಇಲ್ಲ,” ಎಂದ.

ಹನ್ನೊಂದನೆಯ ದಿನ ಬಯಲಿನ ಬಾಗಿಲಲ್ಲಿ ಹೊಸ ಬ್ಯಾನರ್ ಕಟ್ಟಿದ್ದರು. ಮೇಲೆ ಸಣ್ಣ ಅಕ್ಷರದಲ್ಲಿ ‘ಕೆಂಪರಾಜು ಸ್ಮಾರಕ ಪಂದ್ಯ’ ಎಂದಿತ್ತು. ಅದರ ಕೆಳಗೆ ‘ಅರ್ಪಿಸುವವರು’ ಎಂದಿತ್ತು. ಅದರ ಕೆಳಗೆ ವ್ಯಾಪಾರಿಯ ಹೆಸರು, ಆಳೆತ್ತರದ ಅಕ್ಷರದಲ್ಲಿ. ಮಗನನ್ನು ತಿಂದವನು ಅವನ ತಿಥಿಯನ್ನೂ ತನ್ನ ಹೆಸರಿಗೆ ಬರೆದುಕೊಂಡಿದ್ದ.

ಹತ್ತು ಜನ ಇಳಿದರು. ಗೋಲು ಖಾಲಿ ಇತ್ತು. ಕಾರ್ಖಾನೆಯ ಮ್ಯಾನೇಜರ್ ಮರಿಯಪ್ಪನ ಕೈಗೆ ಒಂದು ಚೀಟಿ ಕೊಟ್ಟ. ಮರಿಯಪ್ಪ ಮೊದಲು ವ್ಯಾಪಾರಿಯ ಹೆಸರು ಕೂಗಿದ. ಆಮೇಲೆ, ದೇವೀರಮ್ಮನ ಮಗ ಕೆಂಪರಾಜು ಎಂದು ಕೂಗಿದ. ಗೋಲು ಕಾಯುತ್ತಿದ್ದ ಎಂದು ಕೂಗಿದ. ಮೂರನೆಯ ಮಾತಿಗೆ ಅವನ ದನಿ ಇಳಿಯಿತು. ಚೀಟಿಯಲ್ಲಿ ಇದ್ದುದನ್ನು ಓದಿದ. “ಅಕಾಲ ಮರಣ.”

ದೇವೀರಮ್ಮ ಮೆಟ್ಟಿಲಿನ ಮೇಲೆ ಎದ್ದು ನಿಂತಳು. “ಅದ್ಯಾವ ಸಾವಣ್ಣಾ ಅದು? ತೊಟ್ಟೀಲಿ ಸತ್ತ ಅನ್ನು! ಹಗ್ಗ ಕೊಡಲಿಲ್ಲ ಅನ್ನು! ಇನ್ನೊಬ್ಬನ್ನ ಎತ್ತಕ್ಕೆ ಹೋಗಿ ಸತ್ತ ಅನ್ನು!”

ಇಬ್ಬರು ಕಾವಲುಗಾರರು ಬಂದು ಅವಳ ತೋಳು ಹಿಡಿದರು. “ಗೇಟಿನಾಚೆ ಏನು ಬೇಕಾದ್ರೂ ಕೂಗ್ಕಳಮ್ಮ. ಒಳಗೆ ಬ್ಯಾಡ,” ಎಂದರು. ಒಬ್ಬ ಹೆಂಗಸು ಊರಿಗೆ ಬಿಟ್ಟುಕೊಟ್ಟ ನೆಲದಿಂದ ಇನ್ನೊಬ್ಬ ಹೆಂಗಸನ್ನು ಎಳೆದು ಹೊರಗೆ ಹಾಕಿದರು. ಮೆಟ್ಟಿಲುಗಳ ತುಂಬ ಜನರಿದ್ದರು. ಒಬ್ಬರೂ ಏಳಲಿಲ್ಲ.

ಸೀಟಿ ಊದಿದರು. ಆಟ ನಡೆಯಿತು. ಯಾರೋ ಒದ್ದ ಚೆಂಡು ಉರುಳುತ್ತ ಖಾಲಿ ಗೋಲಿಗೆ ಹೋಯಿತು. ವ್ಯಾಪಾರಿಯ ಬಲೆ ಅದನ್ನು ಹಿಡಿಯಿತು. ಜಗಳ ಆಗಲಿಲ್ಲ.

ಮರಿಯಪ್ಪ ಮತ್ತೆ ತುತ್ತೂರಿ ಮುಟ್ಟಲಿಲ್ಲ. ಕೆಂಪರಾಜು ಕುಡಿದು ಸತ್ತ ಎಂದೇ ಆ ಊರಿನಲ್ಲಿ ಇಂದಿಗೂ ಹೇಳುತ್ತಾರೆ. ಬಯಲು ಬೇರೆ ಮಾತು ಹೇಳಲಿಲ್ಲವಲ್ಲ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನ ಮುಖ ಸಿಟ್ಟಿನಿಂದ ಬಿಗಿದಿತ್ತು.

“ಅಷ್ಟು ಜನರಲ್ಲಿ ಒಬ್ಬನಿಗೂ ಬಾಯಿ ಇರಲಿಲ್ಲವೇ?” ಎಂದ. “ಊರಿಗೆಲ್ಲ ಕಾಗದ ಓದಿ ಹೇಳಿದ ಆ ಉಪಾಧ್ಯಾಯ, ಆಗ ಎಲ್ಲಿ ಸತ್ತಿದ್ದ?”

“ಮೊದಲನೆಯ ಮೆಟ್ಟಿಲಿನ ಮೇಲೆ, ಆ ಕಾಗದವನ್ನು ತೊಡೆಯ ಮೇಲಿಟ್ಟುಕೊಂಡು ನಾನು ಕೂತಿದ್ದೆ,” ಎಂದರು ಗುರುಗಳು.