ಎರಡು ತಟ್ಟೆಯ ಬಸವನಹುಳು

“ಗುರುಗಳೇ, ಹುಡುಕಿದವಳ ಹೆಸರನ್ನೂ ಬರೆಯಲೇಬೇಕೇ?” ಎಂದು ವಾರಿಜ ಕೇಳಿದಳು.

ಈ ಮಾತನ್ನು ಅವಳು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಹೇಳಿಕೊಂಡು ಬಂದಿದ್ದಳು. ಅಲ್ಲಿ ಅದು ನ್ಯಾಯದ ಮಾತಾಗಿತ್ತು. ಬಾಯಿಂದ ಹೊರಗೆ ಬಿದ್ದ ಮೇಲೆ ಸ್ವಲ್ಪ ಸಣ್ಣದಾಗಿ ಕೇಳಿಸಿತು.

ಗುರು ಆರಾಧ್ಯರು ನಲವತ್ತು ವರ್ಷ ಕಲ್ಲಾದ ಚಿಪ್ಪುಗಳ ಪಾಠ ಹೇಳಿದವರು. ಈಗ ಕಣ್ಣು ಮಂದವಾಗಿತ್ತು. ಚಿಪ್ಪುಗಳನ್ನು ಹೆಬ್ಬೆರಳಿನಿಂದ ಸವರಿಯೇ ಗುರುತಿಸುತ್ತಿದ್ದರು. ಅವರ ಮಡಿಲಲ್ಲಿ ವಾರಿಜ ಬರೆದ ಲೇಖನವಿತ್ತು, ಹತ್ತಿಯಲ್ಲಿ ಸುತ್ತಿದ ಒಂದು ಚಿಪ್ಪಿತ್ತು. ಎಂದೋ ಬತ್ತಿಹೋದ ಕಡಲಿನ ಬೇಟೆಗಾರ ಬಸವನಹುಳು. ಅದಕ್ಕೆ ಇಲ್ಲಿಯವರೆಗೆ ಯಾರೂ ಹೆಸರಿಟ್ಟಿರಲಿಲ್ಲ. ಲೇಖನ ಅಚ್ಚಾದರೆ ಹುಳುವಿನ ಹೆಸರಿನ ಹಿಂದೆ ವರ್ಣಿಸಿದವರ ಹೆಸರು ನಿಲ್ಲುತ್ತದೆ. ಶಾಸ್ತ್ರ ಇರುವಷ್ಟು ಕಾಲ ನಿಲ್ಲುತ್ತದೆ. ಲೇಖನ ಮರುದಿನ ಅಚ್ಚಿಗೆ ಹೋಗಬೇಕಿತ್ತು. ಅದರ ಮೇಲೆ ಇದ್ದದ್ದು ವಾರಿಜಳ ಹೆಸರೊಂದೇ.

ಚಿಪ್ಪಿನ ಬಾಯಂಚಿನ ಒಳಗೆ ಸಾಸಿವೆಯಷ್ಟು ಸಣ್ಣ, ಹಲ್ಲಿನಂಥ ಉಬ್ಬೊಂದಿತ್ತು. ಇದು ಬೇರೆ ಪ್ರಭೇದ ಎನ್ನಲು ಆ ಹಲ್ಲೇ ಆಧಾರ. ಅದನ್ನು ಮೊದಲು ಕಂಡವಳು ವಾರಿಜಳ ಕೈಕೆಳಗೆ ಕೆಲಸ ಮಾಡುವ ದೇವೀರಮ್ಮ. ವಾರಿಜ ಅದೇ ಚಿಪ್ಪನ್ನು ನೂರು ಸಲ ತಿರುಗಿಸಿ ನೋಡಿದ್ದಳು. ಕಂಡಿರಲಿಲ್ಲ.

“ಬರೆಯುವುದು ಬೇಡ ಅಂತ ಯಾಕೆ ಅನ್ನಿಸಿತು?” ಎಂದರು ಗುರುಗಳು.

“ಬೇಡ ಅಂತಲ್ಲ. ನಾನೂ ಏಳು ವರ್ಷ ಅವಳ ಜಾಗದಲ್ಲೇ ಕೂತಿದ್ದವಳು. ನನ್ನ ಕಣ್ಣಿಗೆ ಬಿದ್ದದ್ದನ್ನೆಲ್ಲ ದೊಡ್ಡವರು ಬರೆದುಕೊಂಡರು. ಆಗ ನನ್ನ ಪರವಾಗಿ ಯಾರೂ ಇಂಥ ಪ್ರಶ್ನೆ ಕೇಳಲಿಲ್ಲ. ಅವಳೂ ಸ್ವಲ್ಪ ಕಾಯಲಿ. ಅವಳಿಗೂ ಒಂದು ಕಾಲ ಬರುತ್ತದೆ.”

ಗುರುಗಳು ಚಿಪ್ಪನ್ನು ಬೆರಳ ನಡುವೆ ಒಂದು ಸುತ್ತು ತಿರುಗಿಸಿದರು. ಆಮೇಲೆ ಹೇಳತೊಡಗಿದರು.

ಒಬ್ಬ ವಿದ್ವಾಂಸನಿದ್ದ. ಸುಣ್ಣಕಲ್ಲಿನ ಗಣಿಯೊಂದರಲ್ಲಿ ಅವನಿಗೆ ಬಸವನಹುಳುಗಳ ಒಂದು ಪದರ ಸಿಕ್ಕಿತು. ಗುಂಡಗಿನ, ನುಣುಪಾದ ಚಿಪ್ಪುಗಳು. ಕೆಲವು ಕಡಲೆಯಷ್ಟು, ಕೆಲವು ಲಿಂಬೆಹಣ್ಣಿನಷ್ಟು. ಸಣ್ಣವುಗಳ ಮೈಯಲ್ಲಿ ಒಂದೊಂದು ತೂತು. ಬಡಗಿ ಬೈರಿಗೆ ಹಾಕಿದಂತೆ ದುಂಡಗೆ, ಹೊರಗೆ ಅಗಲ, ಒಳಗೆ ಕಿರಿದು.

ಆ ತೂತು ಏನೆಂದು ಅವನಿಗೆ ಗೊತ್ತಿತ್ತು. ಬೇಟೆಯ ಹುಳು ಮರಳಿನೊಳಗೆ ಬರುತ್ತದೆ. ಸಿಕ್ಕಿದ್ದನ್ನು ಪಾದದಿಂದ ಅಪ್ಪಿಕೊಳ್ಳುತ್ತದೆ. ಅರದಂಥ ನಾಲಿಗೆಯಿಂದ ಚಿಪ್ಪನ್ನು ಉಜ್ಜುತ್ತದೆ. ಒಂದು ಹಗಲು, ಒಂದು ರಾತ್ರಿ, ಕೆಲವೊಮ್ಮೆ ಇನ್ನೂ ಒಂದು ಹಗಲು. ಒಳಗಿರುವ ಜೀವಕ್ಕೆ ಆ ಸದ್ದು ಕೇಳಿಸುತ್ತದೆಯೋ ಇಲ್ಲವೋ ಯಾರಿಗೂ ತಿಳಿಯದು. ತೂತು ಆದ ಮೇಲೆ ಅದರೊಳಗಿಂದಲೇ ತಿನ್ನುತ್ತದೆ.

ವಿದ್ವಾಂಸ ಎರಡು ತಟ್ಟೆ ಇಟ್ಟುಕೊಂಡ. ತೂತಿದ್ದ ಚಿಪ್ಪುಗಳು ಎಡದ ತಟ್ಟೆಗೆ. ಇಲ್ಲದವು ಬಲದ ತಟ್ಟೆಗೆ. ಎಡಕ್ಕೆ ಸಣ್ಣವು ಬಂದವು, ಬಲಕ್ಕೆ ದೊಡ್ಡವು. ಎರಡು ತಟ್ಟೆ ಎಂದ ಮೇಲೆ ಎರಡು ಪ್ರಭೇದ, ಎಡದ್ದು ತಿನ್ನಿಸಿಕೊಂಡದ್ದು, ಬಲದ್ದು ಕೊರೆದು ತಿಂದದ್ದು ಎಂದು ಅವನಿಗೆ ತೋರಿತು. ಚಿಪ್ಪಿನ ಆಕಾರ ನೋಡಿ ವಿಂಗಡಿಸಬೇಕಾದವನು ಅದರ ಹಣೆಬರಹ ನೋಡಿ ವಿಂಗಡಿಸಿದ್ದ.

ಅದಕ್ಕೂ ಕಾರಣವಿತ್ತು. ಅವನು ಸಣ್ಣವನಾಗಿದ್ದಾಗ ಅವನ ದುಡಿಮೆಯನ್ನು ಅವನ ಗುರು ನುಂಗಿದ್ದ. ಅವನು ಬರೆದ ಮೊದಲ ವರ್ಣನೆ ಗುರುವಿನ ಹೆಸರಿನಲ್ಲಿ ಅಚ್ಚಾಗಿತ್ತು. ಆ ಸಂಕಟವನ್ನು ಅವನು ಮರೆತಿರಲಿಲ್ಲ. ತೂತು ಬಿದ್ದ ಚಿಪ್ಪು ಕಂಡರೆ ಅವನ ಕರುಳು ಚುರ್ ಎನ್ನುತ್ತಿತ್ತು. ಆದ್ದರಿಂದ ಎಡದ ತಟ್ಟೆಯ ಹುಳುವನ್ನೇ ಮೊದಲು ವರ್ಣಿಸಿದ. ‘ನಿರಪರಾಧಿ’ ಎಂಬ ಅರ್ಥದ ಹೆಸರಿಟ್ಟ. ಮರುವರ್ಷ ಬಲದ ತಟ್ಟೆಯದನ್ನು ವರ್ಣಿಸಿದ. ಅದಕ್ಕೆ ‘ಘಾತುಕ’ ಎಂಬ ಅರ್ಥದ ಹೆಸರು. ಎರಡಕ್ಕೂ ತಕ್ಕ ಹೆಸರನ್ನೇ ಇಟ್ಟಿದ್ದಾನೆ ಎಂದು ಓದಿದವರು ಹೊಗಳಿದರು.

ಆ ಗಣಿಯಲ್ಲಿ ಜಲ್ಲಿ ಪುಡಿಯನ್ನು ಜರಡಿ ಹಿಡಿಯುವ ಒಬ್ಬ ಮುದುಕಿ ಇದ್ದಳು. ಚಿಪ್ಪು ಸಿಕ್ಕಿದರೆ ಆರಿಸಿ ವಿದ್ವಾಂಸನಿಗೆ ತಂದುಕೊಡುವುದು ಅವಳ ಕೆಲಸ. ಒಂದು ದಿನ ಅವಳು ಮೇಜಿನ ಮೇಲಿನ ತಟ್ಟೆಗಳನ್ನು ನೋಡಿ ನಕ್ಕಳು. ವಿದ್ವಾಂಸನ ಜೊತೆ ಗಣಿಯ ಮೇಸ್ತ್ರಿಯೂ ನಾಲ್ಕು ಜನ ಆಳುಗಳೂ ಇದ್ದರು.

“ಏನ್ ಸಾಮೀ, ಕೂಸಿಗೊಂದು ತಟ್ಟೆ, ಅಪ್ಪನಿಗೊಂದು ತಟ್ಟೆ ಇಟ್ಟೀರಿ? ಜಗಳ ಆಡಿ ಬ್ಯಾರೆ ಆದ್ರಾ?”

“ಏನಮ್ಮಾ, ನೀನೂ ಶಾಸ್ತ್ರ ಓದಿದ್ದೀಯಾ?” ಎಂದ ವಿದ್ವಾಂಸ. ಆಳುಗಳು ನಕ್ಕರು.

“ಓದು ಎಲ್ಲಿಂದ ಬರಬೇಕು ಸಾಮೀ. ಮೂವತ್ತು ವರ್ಸ ಇವನ್ನ ಜರಡೀಲಿ ಕುಣಿಸೀನಿ, ಅಷ್ಟೇಯ. ದೊಡ್ಡದರ ನೆತ್ತಿ ನೋಡ್ರಿ. ಹುಳ ಬೆಳೆದಂಗೆಲ್ಲ ಮನೇನ ಮುಂದಕ್ಕೆ ಕಟ್ಟಿಕೊಂಡು ಹೋಯ್ತದೆ. ಹಳೇ ಮನೆ ಕೆಡವಾಕಿಲ್ಲ. ಕೂಸಾಗಿದ್ದಾಗಿನ ಮನೆ ಅಲ್ಲೇ ನೆತ್ತಿ ಮ್ಯಾಲೆ ಕುಂತಿರ್ತದೆ.”

ಈ ಸಲ ಆಳುಗಳು ವಿದ್ವಾಂಸನನ್ನು ನೋಡಿ ನಕ್ಕರು. ಮೇಸ್ತ್ರಿಯೂ ನಕ್ಕ.

ಅವರೆಲ್ಲ ಹೋದ ಮೇಲೆ ವಿದ್ವಾಂಸ ಬಲದ ತಟ್ಟೆಯಿಂದ ಎಲ್ಲಕ್ಕಿಂತ ದೊಡ್ಡ ಚಿಪ್ಪನ್ನು ತೆಗೆದ. ಮಸೂರ ಹಿಡಿದು ನೆತ್ತಿಯನ್ನು ನೋಡಿದ. ಅಲ್ಲಿ ಕಡಲೆಯಷ್ಟು ಚಿಪ್ಪೊಂದು ಇತ್ತು. ಎಡದ ತಟ್ಟೆಯದೇ ಸುತ್ತು, ಅದೇ ಗೆರೆ, ಅದೇ ನುಣುಪು. ಅದರ ಪಕ್ಕೆಯಲ್ಲಿ ಒಂದು ಗುಳಿ. ದುಂಡಗಿನ, ಅರ್ಧಕ್ಕೇ ನಿಂತ ಗುಳಿ. ಯಾವುದೋ ದೊಡ್ಡ ಹುಳು ಇದನ್ನೂ ಕೊರೆಯಲು ಹಿಡಿದು, ಯಾವ ಕಾರಣಕ್ಕೋ ಬಿಟ್ಟು ಹೋಗಿತ್ತು. ಇದು ಬದುಕಿತು. ಬೆಳೆಯಿತು. ದೊಡ್ಡದಾದ ಮೇಲೆ ಸಣ್ಣವನ್ನು ಹಿಡಿದು ಕೊರೆಯಿತು.

ಘಾತುಕ ಹೊರಗಿನಿಂದ ಬಂದಿರಲಿಲ್ಲ. ತಿನ್ನಿಸಿಕೊಳ್ಳದೆ ಉಳಿದ ನಿರಪರಾಧಿಯೇ ಘಾತುಕನಾಗಿದ್ದ. ಎರಡು ತಟ್ಟೆಯಲ್ಲಿದ್ದದ್ದು ಒಂದೇ ಪ್ರಭೇದ.

ಮುದುಕಿಯ ಮಾತು ಆಳುಗಳ ಬಾಯಿಂದ ಊರಿಗೆ ಹೋಗುತ್ತದೆ, ಊರಿನಿಂದ ಬೇರೆ ವಿದ್ವಾಂಸರ ಕಿವಿಗೆ ಬೀಳುತ್ತದೆ ಎಂದು ವಿದ್ವಾಂಸನಿಗೆ ಭಯವಾಯಿತು. ಬೆಳಗ್ಗೆ ಮೇಸ್ತ್ರಿಯನ್ನು ಕರೆದು, “ಆ ಮುದುಕಿ ಚಿಪ್ಪುಗಳನ್ನು ಬೆರಕೆ ಮಾಡುತ್ತಾಳೆ. ಅವಳನ್ನು ಬೇರೆ ಕೆಲಸಕ್ಕೆ ಹಾಕು,” ಎಂದ. ಮೇಸ್ತ್ರಿ ಅವಳನ್ನು ಕಲ್ಲು ಪುಡಿ ಮಾಡುವ ಯಂತ್ರದ ಬುಡಕ್ಕೆ ಹಾಕಿದ.

ಆಮೇಲೆ ವಿದ್ವಾಂಸ ಮೂರನೆಯ ಲೇಖನ ಬರೆದ. ‘ಕೂಲಂಕಷವಾಗಿ ಪರಿಶೀಲಿಸಿದಾಗ ನನಗೆ ಕಂಡುಬಂದದ್ದು’ ಎಂದು ಆರಂಭಿಸಿದ. ಎರಡು ಹೆಸರನ್ನು ಕೂಡಿಸಿ ಒಂದು ಮಾಡಿದ. ಮೊದಲು ಇಟ್ಟ ಹೆಸರೇ ಉಳಿಯಬೇಕು ಎಂಬುದು ಶಾಸ್ತ್ರದ ಕಟ್ಟಳೆ. ಹಾಗಾಗಿ ಆ ಕೊಲೆಗಡುಕ ಹುಳು ಇಂದಿಗೂ ‘ನಿರಪರಾಧಿ’ ಎಂದೇ ಕರೆಸಿಕೊಳ್ಳುತ್ತದೆ. ತನ್ನ ತಪ್ಪನ್ನು ತಾನೇ ಕಂಡು ಒಪ್ಪಿಕೊಂಡ ದೊಡ್ಡ ಮನುಷ್ಯ ಎಂದು ಸಭೆ ಕರೆದು ಅವನಿಗೆ ಶಾಲು ಹೊದಿಸಿದರು. ಶಾಲು ಹೊದ್ದುಕೊಂಡು ಅವನು ತನ್ನ ಗುರು ತನಗೆ ಮಾಡಿದ ಅನ್ಯಾಯವನ್ನು ನೆನೆದು ಕಣ್ಣೀರು ಹಾಕಿದ. ಕೇಳುತ್ತಿದ್ದವರೂ ಹಾಕಿದರು.

ಯಂತ್ರದ ಬುಡದಲ್ಲಿ ಧೂಳು ಬಿಳಿಯ ಹೊಗೆಯಂತೆ ಏಳುತ್ತಿತ್ತು. ಮುದುಕಿಗೆ ಮೊದಲು ಕೆಮ್ಮು ಬಂತು. ಆಮೇಲೆ ರಕ್ತ ಬಂತು. ಎರಡನೆಯ ಮಳೆಗಾಲದ ಹೊತ್ತಿಗೆ ಅವಳು ತೀರಿಕೊಂಡಳು, ಯಂತ್ರದ ಬುಡಕ್ಕೆ ಬೇರೊಬ್ಬಳು ಬಂದಳು. ಯಾರೋ ಚಹಾ ಕುಡಿಯುವಾಗ ವಿದ್ವಾಂಸನಿಗೆ ಈ ಸುದ್ದಿ ಹೇಳಿದರು. “ಅಯ್ಯೋ ಪಾಪ. ಕಣ್ಣು ಚುರುಕಾಗಿತ್ತು,” ಎಂದು ಅವನು ಲೋಟ ಕೆಳಗಿಟ್ಟ.

ಗುರುಗಳು ಕಥೆ ಮುಗಿಸಿದರು. ಚಿಪ್ಪನ್ನು ಹತ್ತಿಯಲ್ಲಿಟ್ಟು, ಲೇಖನದ ಹಾಳೆಗಳ ಮೇಲೆ ಇರಿಸಿ, ಎರಡನ್ನೂ ವಾರಿಜಳ ಕಡೆಗೆ ಸರಿಸಿದರು.

ವಾರಿಜ ಅವನ್ನು ಮುಟ್ಟಲಿಲ್ಲ. ಇದು ನನಗೆ ಹೇಳಿದ್ದಲ್ಲ, ಆ ವಿದ್ವಾಂಸ ಒಬ್ಬಳನ್ನು ಸಾವಿನ ಬಾಯಿಗೆ ತಳ್ಳಿದವನು, ನಾನು ಬರಿಯ ಒಂದು ಹೆಸರು ಬಿಟ್ಟವಳು ಎಂದು ವಾದಿಸಬೇಕೆಂದು ಅವಳಿಗೆ ತೋರಿತು. ವಾದ ಮನಸ್ಸಿನಲ್ಲೇ ಸಿದ್ಧವಾಯಿತು. ಆದರೆ ನಾಲಿಗೆ ಬೇರೇನನ್ನೋ ಕೇಳಿತು.

“ಗುರುಗಳೇ, ಆ ಮುದುಕಿಯ ಹೆಸರೇನು?”

“ನನಗೆ ಗೊತ್ತಿಲ್ಲಮ್ಮಾ, ಬರೆದಿಡಬೇಕಾದವನಿಗೆ ತನ್ನ ಗಾಯವೊಂದೇ ನೆನಪಿತ್ತು.”