ಗುಬ್ಬಿಗೆಂದು ಎತ್ತಿಟ್ಟ ಯೋಕಾನ್

ಕ್ಯೋಟೋದ ಒಂದು ಮಿಠಾಯಿ ಅಂಗಡಿಯ ಇಲಿಗೆ ಯೋಕಾನಿನ ತುಂಡು ಸಿಕ್ಕಿತು. ಕಾಳು ಅರೆದು ಮಾಡಿದ, ಹಲ್ವದಂಥ ಆ ಸಿಹಿಯನ್ನು ಇಲಿ ತಾನು ಮುಟ್ಟದೆ, ಮುದಿ ಗೆಳತಿ ಗುಬ್ಬಿಗೆ ಹೊಸವರ್ಷದ ಉಡುಗೊರೆಯೆಂದು ಎತ್ತಿಟ್ಟು, ಅವಳಿಗೂ ತಿಳಿಸಿತು.

ಹಿಮ ಬಿದ್ದ ದಿನ ಗುಬ್ಬಿ ನಡುಗುತ್ತ ಬಂದಿತು. "ಇಲಿಯಕ್ಕಾ, ಎಲ್ಲೂ ಕಾಳು ಸಿಗುತ್ತಿಲ್ಲ. ಆ ಸಿಹಿಯಲ್ಲೇ ಒಂದು ಚೂರು ಕೊಡುವೆಯಾ?"

"ಇಂದು ಕೊಟ್ಟರೆ ಭಿಕ್ಷೆಯಾದೀತು, ಗೆಳತಿ. ಹಬ್ಬದ ದಿನ ಎಲೆಯಲ್ಲಿ ಸುತ್ತಿ, ನಿನ್ನ ಗೂಡಿಗೇ ತಂದು ಮರ್ಯಾದೆಯಿಂದ ಕೊಡುತ್ತೇನೆ."

ಗುಬ್ಬಿ ತಲೆಬಾಗಿಸಿ ಹಾರಿಹೋಯಿತು.

ಹಬ್ಬದ ಬೆಳಗ್ಗೆ ಇಲಿ ಪೊಟ್ಟಣ ಹೊತ್ತು ಸೂರಿನ ಗೂಡಿಗೆ ಹತ್ತಿತು. ಗುಬ್ಬಿ ಸೆಟೆದು ತಣ್ಣಗಾಗಿತ್ತು. ಇಲಿ ಎಲೆ ಬಿಚ್ಚಿ, ಸಿಹಿಯನ್ನು ಅದರ ಕೊಕ್ಕಿಗೊತ್ತಿ, "ತಿನ್ನೇ, ತಿನ್ನೇ" ಎಂದು ಗೋಗರೆಯಿತು.

ಅಲ್ಲೇ ಇದ್ದ ಇರುವೆ ಕೇಳಿತು: "ಸತ್ತವಳಿಗೇಕೆ ಸಿಹಿ?"

"ಬದುಕಿದ್ದಾಗ ಕೇಳಿದ್ದಳು," ಎಂದಿತು ಇಲಿ.