ಮೊಲಮ್ಮನ ಹಗ್ಗ

ಆಟದ ಮೇಜಿನ ಮೇಲೆ ಸಾಹಸಕ್ಕೆ ಹೊರಟಿದ್ದ ಐದು ಮರದ ಕಾಯಿಗಳಲ್ಲಿ ಮೊಲಮ್ಮ ಪ್ರಪಾತಕ್ಕೆ ಬಿದ್ದು ಹೋಗಿದ್ದಳು. ಅವಳ ಜಾಗಕ್ಕೆ ಬಂದ ಮುಂಗುಸಿಗೆ ನೇರವಾಗಿ ಹತ್ತನೇ ಹಂತವೇ ಸಿಕ್ಕಿತು. ಆಮೆ, ಆನೆ, ನರಿ, ಮುಳ್ಳುಹಂದಿ ಮಾತ್ರ ಮೊದಲ ಹಂತದಿಂದ ಸವೆದು ಸವೆದು ಅಲ್ಲಿಗೆ ಬಂದವರು. ಮೈಬಣ್ಣ ಇನ್ನೂ ಆರದ ಮುಂಗುಸಿಯನ್ನು ಕಂಡು ಅವರಲ್ಲಿ ಯಾರೂ ಏಳಲಿಲ್ಲ. "ಬಂದ್ಯಾ? ಕೂತ್ಕೋ," ಎಂದಿತು ಆಮೆ, ಅಷ್ಟೆ.

ಇವರು ತನ್ನನ್ನು ಒಪ್ಪದೆ ಮುಂದಿನ ಹಂತದ ಗುಹೆಗೆ ಜೊತೆಯಾಗಿ ಇಳಿಯುವುದಾದರೂ ಹೇಗೆ? ಅವರು ಬೆರಗಾಗುವಂಥ ಆಯುಧ ತರಲು ಮುಂಗುಸಿ ಉಗ್ರಾಣಕ್ಕೆ ಓಡಿತು.

"ಹತ್ತನೇ ಹಂತದವರು ಏನು ಬೇಕಾದರೂ ತಗೋಬಹುದು. ಆದರೆ ಒಂದೇ," ಎಂದಿತು ಉಗ್ರಾಣದ ಮುದಿ ಚಿಪ್ಪುಹಂದಿ.

ಉರಿಯುವ ಕತ್ತಿಯನ್ನು ಎತ್ತಿಕೊಂಡು ಬೀಗುತ್ತ ತಿರುಗಿದಾಗ ಮುಂಗುಸಿಯ ಕಾಲಿಗೆ ಹಗ್ಗವೊಂದು ತೊಡರಿತು. "ಈ ಹಳೇದು ಯಾರಿಗೆ ಬೇಕಜ್ಜಾ? ಮೈಯೆಲ್ಲ ಗಂಟು!"

"ಮೊಲಮ್ಮಂದು. ಒಬ್ಬರನ್ನ ಮೇಲಕ್ಕೆಳೆದಾಗಲೆಲ್ಲ ಒಂದು ಗಂಟು ಹಾಕೋಳು."

ಮುಂಗುಸಿ ಎಣಿಸತೊಡಗಿತು. ಮೂವತ್ತು ದಾಟಿದರೂ ಗಂಟು ಮುಗಿಯಲಿಲ್ಲ. "ಆನೆಯನ್ನೂ ಎಳೆದಳಾ?"

"ಮೂರು ಸಲ."

ಮುಂಗುಸಿಯ ದನಿ ಇಳಿಯಿತು. "ಈ ಕೊನೇ ಗಂಟು ಯಾಕಜ್ಜಾ ಇಷ್ಟು ಸೊಟ್ಟಗಿದೆ?"

"ಅವತ್ತು ಆಮೆಯನ್ನು ಮೇಲೆ ಹತ್ತಿಸಿ, ಅವಳೇ ಪ್ರಪಾತಕ್ಕೆ ಜಾರಿದಳು. ಆ ಗಂಟು ಹಾಕಿದ್ದು ಆಮೆ."

ಮುಂಗುಸಿ ಕತ್ತಿಯನ್ನು ಗೂಟಕ್ಕೆ ಮರಳಿಸಿತು. ಹಗ್ಗವನ್ನು ಎರಡೂ ಕೈಯಿಂದ ಎತ್ತಿ, ಕಣ್ಣಿಗೊತ್ತಿ, ಹೆಗಲಿಗೇರಿಸಿಕೊಂಡು ಹೊರಗೆ ಬಂತು.

ಮೊದಲು ಎದ್ದು ನಿಂತದ್ದು ಆಮೆ.